ಆಕಾಶಕ್ಕೆ ಹೋದ ಆಡಿನ ತೊಗಲು

ಡಿಸೆಂಬರಿನ ಬೆಳಗು. ಮಸ್ಕಿಯಿಂದ ಲಿಂಗಸುಗೂರಿಗೆ ಹೊರಟಿದ್ದೆ. ದಾರಿಗೆ ಕುರಿಹಿಂಡು ಅಡ್ಡ ಬಂತು, ಗಾಡಿ ನಿಲ್ಲಿಸಿದೆ. ಹಿಂಡಿನ ಹಿಂದೆ ಕಂಬಳಿ ಕೊಪ್ಪೆ ಹಾಕಿಕೊಂಡು ಬರುತ್ತಿದ್ದ ಹಿರಿಯರು ನನ್ನ ಮುಖ ನೋಡಲಿಲ್ಲ, ಮೈಮೇಲಿನ ಕಂದು ಕೋಟು ನೋಡಿದರು. ಹತ್ತಿರ ಬಂದು ತೋಳಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿದರು.

“ಮ್ಯಾಕಿ ತೊಗಲಲ್ಲೇನು ತಮ್ಮಾ ಇದು?”

“ಹೌದು ತಾತ. ಹ್ಯಾಂಗ ಗೊತ್ತಾತು?”

“ಕುರಿದಾದ್ರ ಇಷ್ಟು ಬಿಗಿ ಇರಂಗಿಲ್ಲ. ಕಾಳು ಕಾಳು ಬಿದ್ದದ ನೋಡು.” ಎಷ್ಟು ಕೊಟ್ಟೆ ಅಂದರು. ಹೇಳಿದೆ. ಹಿಂಡಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, “ಅಷ್ಟು ರೊಕ್ಕಕ್ಕ ಜೀವ ಇದ್ದವೇ ಬರ್ತಿದ್ವಲ್ಲೋ” ಎಂದು ನಕ್ಕು ನಡೆದರು.

ಹಳೆಯ ಯುದ್ಧದ ಚರ್ಮದ ಜಾಕೆಟ್ ಕೂಡಿಡುವವರು ಪ್ರಪಂಚದ ತುಂಬ ಇದ್ದಾರೆ. ಕೈಗೊಂದು ಜಾಕೆಟ್ ಸಿಕ್ಕರೆ ಅವರು ಮೊದಲು ಕುತ್ತಿಗೆಯ ಒಳಗಿನ ಚೀಟಿ ಓದುತ್ತಾರೆ. ಯಾವ ಕಂಪನಿ, ಯಾವ ಗುತ್ತಿಗೆ ಸಂಖ್ಯೆ, ಯಾವ ಅಳತೆ ಎಂದು ನೋಡುತ್ತಾರೆ. ಆಮೇಲೆ ಜಿಪ್ ತಿರುಗಿಸಿ ಟ್ಯಾಲನ್ನೋ ಕ್ರೌನೋ ಕಾನ್‌ಮಾರೋ ಎಂದು ಹುಡುಕುತ್ತಾರೆ. ತೊಗಲಿನ ಮಾತು ಕೊನೆಗೆ ಬರುತ್ತದೆ. ಕುರಿಗಾರ ತಾತ ಓದಿದ್ದು ತೊಗಲೊಂದನ್ನೇ. ಈ ಸೀಮೆಯಲ್ಲಿ ಕೂತು ಇಂಥ ಕೋಟನ್ನು ಓದುವುದಾದರೆ ಅವರ ಹಾಗೆಯೇ ಓದಬೇಕು ಅಂತ ಆವತ್ತು ಅನ್ನಿಸಿತು. ಹಾಗೆ ಓದುತ್ತ ಹೋದರೆ ಸಾಗರದಾಚೆಯ ಈ ಕೋಟು ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಿಗೆ ನಾವು ಎಣಿಸಿದಷ್ಟು ಪರಕೀಯವಲ್ಲ.

ನೌಕಾಪಡೆಯ ಕೋಟು

ನಾನು ಹಾಕಿಕೊಂಡಿದ್ದುದು ಅಸಲಿಯಲ್ಲ, ಅಸಲಿಯನ್ನು ನೋಡಿ ಹೊಲಿದ ನಕಲು. ಅಸಲಿಯ ಹೆಸರು ಎಂ-422ಎ. 1940ರ ಹೊತ್ತಿಗೆ ಅಮೆರಿಕದ ನೌಕಾಪಡೆ ತನ್ನ ವಿಮಾನ ಚಾಲಕರಿಗೆ ಕೊಡಲು ಶುರುಮಾಡಿದ ಕೋಟು ಇದು. 1947ರ ನಂತರ ಇದೇ ವಂಶಕ್ಕೆ ಜಿ-1 ಎಂಬ ಹೆಸರು ಬಂತು. 1986ರಲ್ಲಿ ‘ಟಾಪ್ ಗನ್’ ಸಿನಿಮಾದಲ್ಲಿ ಟಾಮ್ ಕ್ರೂಸ್ ಹಾಕಿಕೊಂಡು ಬಂದ ಮೇಲೆ ಲೋಕಕ್ಕೆಲ್ಲ ಇದರ ಹುಚ್ಚು ಹಿಡಿಯಿತು.

ಅಮೆರಿಕದ ಭೂಸೇನೆಯ ವಿಮಾನ ದಳದ್ದು ಬೇರೆ ಕೋಟು. ಎ-2 ಎಂದು ಕರೆಯುವ ಅದು 1931ರದು, ಹೆಚ್ಚಾಗಿ ಕುದುರೆ ತೊಗಲಿನದು. ಹೊಸದಿದ್ದಾಗ ಹಲಗೆಯ ಹಾಗೆ ಸೆಟೆದಿರುತ್ತದೆ. ನೌಕಾಪಡೆಯವರು ಆಡಿನ ತೊಗಲು ಹಿಡಿದರು. ಆಡಿನ ತೊಗಲು ತೆಳ್ಳಗೆ, ಹಗುರ, ಆದರೂ ಸುಲಭಕ್ಕೆ ಹರಿಯುವುದಿಲ್ಲ. ತಾತ ಹೇಳಿದ ಕಾಳು ಅದರ ಮೇಲ್ಮೈಗೇ ಅಂಟಿಬಂದದ್ದು. ತಿಕ್ಕು ಬಿದ್ದಷ್ಟೂ ಹೊಳೆಯುತ್ತದೆ. ಕಾಲರಿಗೆ ಕತ್ತರಿಸಿ ಸಮ ಮಾಡಿದ ಕುರಿಮರಿಯ ಉಣ್ಣೆ. ಬೆನ್ನಿನ ಎರಡೂ ಬದಿಗೆ ಮಡಿಕೆ: ಇಕ್ಕಟ್ಟಾದ ಕಾಕ್‌ಪಿಟ್ಟಿನಲ್ಲಿ ಕೈ ಮುಂದೆ ಚಾಚಿದರೆ ಮಡಿಕೆ ಬಿಚ್ಚಿಕೊಳ್ಳುತ್ತದೆ, ಕೋಟು ಮೇಲಕ್ಕೇರುವುದಿಲ್ಲ. ಸೊಂಟಕ್ಕೂ ಮುಂಗೈಗೂ ಹೆಣೆದ ಉಣ್ಣೆಪಟ್ಟಿ. ಜಿಪ್ಪಿನ ಹಿಂದಿನ ಗಾಳಿಪಟ್ಟಿಯಲ್ಲಿ ಸಣ್ಣ ಸಣ್ಣ ತೂತು ಹೊಡೆದು ಬರೆದ ಯು.ಎಸ್.ಎನ್. ಎಂಬ ಮೂರು ಅಕ್ಷರ. ಎಡಗಡೆ ಜೇಬಿನಲ್ಲಿ ಪೆನ್ಸಿಲ್ ಸಿಕ್ಕಿಸಲು ಒಂದು ಸಂದು. ಒಂದೂ ಶೋಕಿಗೆಂದು ಇಟ್ಟದ್ದಲ್ಲ. ಬಹುಶಃ ಅದಕ್ಕೇ ಎಂಬತ್ತು ವರ್ಷವಾದರೂ ಚಂದ ಕಾಣುತ್ತದೆ.

ತೊಗಲಿಗೆ ಬರೋಣ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕ್ರೋಮ್ ಹದ ಬಂದ ಮೇಲೆ ಅಮೆರಿಕದ ಫಿಲಡೆಲ್ಫಿಯಾ, ವಿಲ್ಮಿಂಗ್ಟನ್ ಊರುಗಳಲ್ಲಿ ಆಡಿನ ತೊಗಲಿನ ದೊಡ್ಡ ದೊಡ್ಡ ಕಾರ್ಖಾನೆ ಎದ್ದವು. ಅಮೆರಿಕದಲ್ಲಿ ಅಷ್ಟು ಆಡು ಎಲ್ಲಿವೆ? ತೊಗಲು ಹೊರಗಿನಿಂದಲೇ ಬರಬೇಕು. ಹಡಗಿನಲ್ಲಿ ಹೋದ ಹಸಿ ತೊಗಲಿನಲ್ಲಿ ಭಾರತದ ಪಾಲು ಬಹಳ ದೊಡ್ಡದು. ಮದ್ರಾಸಿನ ಕಡೆಯಿಂದ ಹದ ಮಾಡಿದ ತೊಗಲು ‘ಈಸ್ಟ್ ಇಂಡಿಯಾ’ ಎಂಬ ಹೆಸರಲ್ಲಿ ಲಂಡನ್ ಪೇಟೆಗೆ ಹೋಗುತ್ತಿತ್ತು. ಆ ಹದದ ಗುಟ್ಟು ತಂಗಡಿ ತೊಗಟೆ. ಮಸ್ಕಿಯ ಗುಡ್ಡದ ಬುಡದಲ್ಲಿ, ಲಿಂಗಸುಗೂರಿನ ಕಲ್ಲುನೆಲದಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ, ದನ ಕೂಡ ಮೂಸದ ಅದೇ ತಂಗಡಿ. ತೊಗಲಿಗೆ ಹುಟ್ಟಿದೂರಿನ ಚೀಟಿ ಇರುವುದಿಲ್ಲ. ಇದ್ದಿದ್ದರೆ ಈ ಬಯಲಿನ ಹೆಸರೂ ಎಲ್ಲೋ ಒಂದು ಕಾಲರಿನ ಕೆಳಗೆ ಸಿಗುತ್ತಿತ್ತು ಎಂದು ನಂಬುವ ಹುಂಬತನ ನನಗಿದೆ.

ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಂದದ್ದು 1953ರ ಈಚೆಗೆ. ಈಗ ಸಿಂಧನೂರು ಅಂದರೆ ಭತ್ತ, ಅಕ್ಕಿ ಗಿರಣಿ, ಟ್ರ್ಯಾಕ್ಟರ್. ಯುದ್ಧದ ಕಾಲದಲ್ಲಿ ಇದು ಜೋಳದ, ಹತ್ತಿಯ, ಕುರಿ-ಆಡುಗಳ ನಾಡು. ಇಲ್ಲಿನದೇ ತಳಿ ಕೆಂಗುರಿ. ಮೈಮೇಲೆ ಕೆಂಪು-ಕಂದು ಕೂದಲು, ಕಂಬಳಿಗೆ ಬೇಕಾದ ಉಣ್ಣೆ ಇಲ್ಲ. ಉಣ್ಣೆ ದಟ್ಟವಾಗಿ ಬೆಳೆಯುವ ಕುರಿಯ ತೊಗಲು ಒಳಗೆ ಸಡಿಲವಾಗಿರುತ್ತದೆ. ಕೂದಲಿನ ಕುರಿಯದು ಬಿಗಿ, ಹೆಚ್ಚುಕಡಿಮೆ ಆಡಿನ ಹತ್ತಿರಕ್ಕೆ ಬರುತ್ತದೆ. ಕಂಬಳಿಗೆ ಕರಿ ದಖನಿ ಕುರಿ, ತೊಗಲಿಗೆ ಕೆಂಗುರಿ ಮತ್ತು ಆಡು. ಕುರುಬರ ಮನೆಯ ಹುಡುಗರಿಗೆ ಇದು ಪಾಠ ಹೇಳಿಕೊಡಬೇಕಾದ ಸಂಗತಿಯೇ ಅಲ್ಲ.

ಹಾಲಿ ಸಿಕ್ಕಾದ ಸ್ಪಿಟ್‌ಫೈರು

ತೊಗಲಿನ ದಾರಿ ಒಂದಾದರೆ ದುಡ್ಡಿನ ದಾರಿ ಇನ್ನೊಂದು. ಅದು ತೊಗಲಿಗಿಂತ ಸ್ಪಷ್ಟವಾಗಿ ಕಾಣುತ್ತದೆ.

ಈ ಮೂರೂ ಊರು ಆಗ ಹೈದರಾಬಾದ್ ಸಂಸ್ಥಾನದವು. ಲಿಂಗಸುಗೂರು ಅದಕ್ಕೂ ಹಿಂದಿನಿಂದ ದಂಡಿನ ಊರು; ಹೈದರಾಬಾದ್ ಕಾಂಟಿಂಜೆಂಟ್ ಪಡೆ ಇಲ್ಲಿ ಬೀಡುಬಿಟ್ಟಿತ್ತು. 1858ರಲ್ಲಿ ಸುರಪುರದ ವೆಂಕಟಪ್ಪ ನಾಯಕನ ಮೇಲೆ ಸೈನ್ಯ ಹೊರಟದ್ದು ಇಲ್ಲಿಂದಲೇ. ರೈತ ಕಂದಾಯ ಕಟ್ಟುತ್ತಿದ್ದುದು ಹಾಲಿ ಸಿಕ್ಕಾ ರೂಪಾಯಿಯಲ್ಲಿ. ಹಟ್ಟಿಯಲ್ಲಿ 1902ರಿಂದ 1920ರವರೆಗೆ ಬ್ರಿಟಿಷ್ ಕಂಪನಿ ಚಿನ್ನ ತೆಗೆಯಿತು. 1915ರಲ್ಲಿ ಬೀಡನ್ ಎಂಬ ಎಂಜಿನಿಯರ್ ಚಿನ್ನ ಹುಡುಕುತ್ತ ಮಸ್ಕಿಯ ಗುಡ್ಡ ಹತ್ತಿದ. ಸಿಕ್ಕದ್ದು ‘ಅಶೋಕ’ ಎಂಬ ಹೆಸರನ್ನೇ ಹೊತ್ತ ಬಂಡೆಗಲ್ಲಿನ ಶಾಸನ. ಶಾಸನಗಳಲ್ಲಿನ ದೇವಾನಾಂಪ್ರಿಯ ಅಂದರೆ ಯಾರು ಎಂಬ ವಾದಕ್ಕೆ ತೆರೆ ಬಿದ್ದದ್ದು ಹಾಗೆ. ಆಗ ಯುರೋಪಿನಲ್ಲಿ ಮೊದಲ ಮಹಾಯುದ್ಧ ನಡೆದಿತ್ತು. ಮೂರು ವರ್ಷಕ್ಕೆ, ಅಂದರೆ 1918ರಲ್ಲಿ, ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಬ್ರಿಟಿಷರಿಗೆ ಒಂದು ಇಡೀ ಬಾಂಬರ್ ದಳದ ವಿಮಾನಗಳನ್ನು ಕೊಡಿಸಿದರು. ಡಿ.ಎಚ್.9ಎ ವಿಮಾನಗಳ ಆ 110ನೇ ದಳಕ್ಕೆ ಹೈದರಾಬಾದ್ ಸ್ಕ್ವಾಡ್ರನ್ ಎಂದೇ ಹೆಸರು. ಒಂದೊಂದು ವಿಮಾನದ ಮೈಮೇಲೂ ನಿಜಾಮರ ಕೊಡುಗೆ ಎಂದು ಬರೆದು ನಂಬರು ಹಾಕಿದ್ದರು, ಥೇಟ್ ನಮ್ಮ ಗುಡಿಯ ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು ಬರೆಸಿದ ಹಾಗೆ.

ಎರಡನೇ ಮಹಾಯುದ್ಧದಲ್ಲಿ ಸಂಸ್ಥಾನದ ಹೆಸರು ಹೊತ್ತ ದಳ ಮೂರಾದವು. 1939ರ ಸೆಪ್ಟೆಂಬರ್ 4ರಂದು, ಯುದ್ಧ ಸಾರಿದ ಮರುದಿನವೇ, ಜರ್ಮನ್ ನೌಕಾಪಡೆಯ ಹಡಗುಗಳ ಮೇಲೆ ಬ್ರಿಟನ್ ನಡೆಸಿದ ಮೊದಲ ಬಾಂಬ್ ದಾಳಿಯಲ್ಲಿ ಮುಂದಿದ್ದುದು 110ನೇ ದಳ. ಹರಿಕೇನ್ ಹಾರಿಸಿದ್ದು 253. ನನಗೆ ಬಹಳ ಇಷ್ಟವಾದದ್ದು ಮೂರನೆಯದು, 152ನೇ ದಳ. ಬ್ಯಾಟಲ್ ಆಫ್ ಬ್ರಿಟನ್ ಕಾಲದಲ್ಲಿ ವಾರ್ಮ್‌ವೆಲ್ ಎಂಬ ಊರಿನಿಂದ ಸ್ಪಿಟ್‌ಫೈರ್ ಏರಿ ಪೋರ್ಟ್‌ಲ್ಯಾಂಡ್ ನೌಕಾನೆಲೆಯನ್ನು ಕಾದ ಹುಡುಗರು ಅವರು. ಅವರ ಲಾಂಛನದಲ್ಲಿ ನಿಜಾಮರ ದಸ್ತಾರ್, ಅಂದರೆ ಪೇಟ. ಅಡಿಯಲ್ಲಿ ‘ನಂಬಿಕಸ್ಥ ಮಿತ್ರ’ ಎಂಬ ಅರ್ಥದ ಇಂಗ್ಲಿಷ್ ಮಾತು. ಅದು ಬ್ರಿಟಿಷರು ನಿಜಾಮರಿಗೆ ಕೊಟ್ಟ ಬಿರುದೇ. ನಮ್ಮ ಅಜ್ಜಂದಿರ ದೊರೆಯ ರುಮಾಲು ಇಂಗ್ಲಿಷ್ ಕಾಲುವೆಯ ಮೇಲೆ ಹಾರಾಡಿದೆ. ಅಜ್ಜಂದಿರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಇಪ್ಪತ್ತು ಸಾವಿರ ಅಡಿ ಎತ್ತರದಲ್ಲಿ ಹೊರಗಿನ ಚಳಿ ಸೊನ್ನೆಗಿಂತ ಇಪ್ಪತ್ನಾಲ್ಕು ಡಿಗ್ರಿ ಕೆಳಗಿರುತ್ತದೆ. ಸ್ಪಿಟ್‌ಫೈರಿನ ಕಾಕ್‌ಪಿಟ್ಟು ಬೆಚ್ಚಗಿನ ಕೋಣೆಯೇನಲ್ಲ. ಅಲ್ಲಿನವರ ಕೋಟು ಇರ್ವಿನ್: ಉಣ್ಣೆ ಒಳಗೆ, ತೊಗಲು ಹೊರಗೆ. ಪ್ಯಾರಾಚೂಟಿಗೆ ಹೆಸರಾದ ಲೆಸ್ಲಿ ಇರ್ವಿನ್ ಅದನ್ನು ರೂಪಿಸಿದ್ದು. ಕುರುಬರ ಮಕ್ಕಳು ಅದನ್ನು ನೋಡಿದರೆ, ಇದೇನು, ಕುರಿಯನ್ನು ಒಳಹೊರಗು ತಿರುಗಿಸಿ ಹೊದ್ದಿದ್ದಾರಲ್ಲ ಅಂದಾರು.

ಮುಂದೆ 110 ಮತ್ತು 152 ಎರಡೂ ದಳ ನಮ್ಮ ಕಡೆಗೇ ಬಂದವು. ಬರ್ಮಾ ರಣರಂಗದಲ್ಲಿ 110ಕ್ಕೆ ಸಿಕ್ಕದ್ದು ವೆಂಜೆನ್ಸ್ ಎಂಬ ಎರಗುವ ಬಾಂಬರ್. 152ರವರು ತಮ್ಮ ಸ್ಪಿಟ್‌ಫೈರಿನ ಮೈಮೇಲೆ ನೆಗೆಯುವ ಕರಿ ಚಿರತೆ ಬರೆಸಿಕೊಂಡರು.

ಬೆಂಗಳೂರಿನದೂ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ 1943ರಲ್ಲಿ ಅಮೆರಿಕನ್ನರ ಕೈಗೆ ಹೋಗಿ ವಿಮಾನ ರಿಪೇರಿಯ ದೊಡ್ಡ ಡಿಪೋ ಆಯಿತು. ನೀರಿನ ಮೇಲೆ ಇಳಿಯುವ ಕೆಟಲೀನಾಗಳು ದುರಸ್ತಿಗೆ ಬಂದು ಇಳಿದದ್ದು ಬೆಳ್ಳಂದೂರು ಕೆರೆಯಲ್ಲಿ. ಈಚಿನ ವರ್ಷಗಳಲ್ಲಿ ನೊರೆ ಉಕ್ಕಿ ಸುದ್ದಿಯಾದ ಅದೇ ಕೆರೆ. ಅಮೆರಿಕದ ನೌಕಾಪಡೆಗೆಂದೇ ಹುಟ್ಟಿದ ವಿಮಾನ ಅದು.

ಸಿಡ್ನಿ ಕಾಟನ್ ಬಂದದ್ದು

ಹಾರಾಟದ ಬಟ್ಟೆಗೂ ನಿಜಾಮರ ರಾಜ್ಯಕ್ಕೂ ಗಂಟು ಹಾಕಿದವನು ಒಬ್ಬನೇ ಒಬ್ಬ. ಕಥೆಗಾರರು ಕಟ್ಟಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು.

ಸಿಡ್ನಿ ಕಾಟನ್, ಆಸ್ಟ್ರೇಲಿಯಾದವನು, 1894ರಲ್ಲಿ ಹುಟ್ಟಿದವನು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯ ವಿಮಾನ ದಳ ಸೇರಿದ್ದ. 1916-17ರ ಚಳಿಗಾಲದ ಒಂದು ದಿನ ಎಂಜಿನ್ ಬಿಚ್ಚಿಕೊಂಡು ಕೂತಿದ್ದಾಗ ಹಾರಬೇಕೆಂದು ಕರೆ ಬಂತು. ಎಣ್ಣೆ-ಗ್ರೀಸು ಮೆತ್ತಿದ ಕೆಲಸದ ಬಟ್ಟೆಯಲ್ಲೇ ಹಾರಿದ. ಇಳಿದಾಗ ಜೊತೆಯವರೆಲ್ಲ ಚಳಿಗೆ ಸೆಟೆದಿದ್ದರು, ಇವನು ಬೆಚ್ಚಗಿದ್ದ. ಯಾಕೆಂದು ಯೋಚಿಸಿದ. ಎಣ್ಣೆ ಕುಡಿದ ಬಟ್ಟೆ ಗಾಳಿಯನ್ನು ಒಳಗೆ ಬಿಟ್ಟಿರಲಿಲ್ಲ. ಲಂಡನ್ನಿನ ಅಂಗಡಿಯೊಂದರಲ್ಲಿ ಕೂತು ಒಳಗೆ ತುಪ್ಪಟ, ನಡುವೆ ಗಾಳಿ ಹಾಯದ ರೇಷ್ಮೆ, ಹೊರಗೆ ಒತ್ತು ನೇಯ್ಗೆಯ ಬಟ್ಟೆ, ಹೀಗೆ ಮೂರು ಪದರದ ಉಡುಪು ಹೊಲಿಸಿದ. ತನ್ನ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ‘ಸಿಡ್‌ಕಾಟ್’ ಎಂದು ಕರೆದ. ಮುಂದಿನ ಯುದ್ಧದಲ್ಲೂ ಬ್ರಿಟಿಷ್ ಚಾಲಕರ ಮೈಮೇಲೆ ಇದ್ದುದು ಅದರ ಸಂತತಿಯೇ.

ನಮ್ಮ ಕುರುಬರು ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕುತ್ತಾರೆ. ಎಳೆ ಎಳೆಯ ನಡುವಿನ ಸಂದು ಮುಚ್ಚಿ ಮಳೆಗಾಳಿ ಒಳಗೆ ಬರುವುದಿಲ್ಲ. ಕಾಟನ್ ಗ್ರೀಸಿನಿಂದ ಕಲಿತದ್ದು ಆ ಗಂಜಿಯ ಪಾಠವನ್ನೇ.

1948ಕ್ಕೆ ಬನ್ನಿ. ದೇಶ ಸ್ವತಂತ್ರವಾಗಿದೆ, ಹೈದರಾಬಾದ್ ಒಕ್ಕೂಟಕ್ಕೆ ಸೇರಿಲ್ಲ. ಗಡಿ ಬಂದಾಗಿದೆ, ಹಳ್ಳಿಗಳಲ್ಲಿ ರಜಾಕಾರರ ಹಾವಳಿ. ನಿಜಾಮರ ಆಡಳಿತಕ್ಕೆ ಆಯುಧ ಬೇಕು. ಆಗ ಬಂದವನು ಇದೇ ಸಿಡ್ನಿ ಕಾಟನ್. ಲ್ಯಾಂಕಾಸ್ಟರ್ ಬಾಂಬರನ್ನು ಮಾರ್ಪಡಿಸಿದ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ಕರಾಚಿಯಿಂದ ರಾತ್ರಿ ಹೊರಟು, ಭಾರತದ ಮೇಲೆ ಹಾದು, ಬೀದರ್, ವಾರಂಗಲ್ ಕಡೆಯ ನೆಲೆಗಳಲ್ಲಿ ಬಂದೂಕು-ಮದ್ದು ಇಳಿಸಿದ. ಸೆಪ್ಟೆಂಬರ್ 13ರಂದು ಪೊಲೀಸ್ ಕಾರ್ಯಾಚರಣೆ ಶುರುವಾಗಿ 17ಕ್ಕೆ ಸಂಸ್ಥಾನ ಕೈಚೆಲ್ಲಿತು. ಆ ದಿನವನ್ನೇ ನಾವು ಈಗ ಕಲ್ಯಾಣ ಕರ್ನಾಟಕ ಉತ್ಸವವೆಂದು ಆಚರಿಸುತ್ತೇವೆ. ಕಾಟನ್‌ಗೆ ಬ್ರಿಟನ್ನಿನ ನ್ಯಾಯಾಲಯ ಹಾಕಿದ ದಂಡ 200 ಪೌಂಡ್. ಹಳೆಯ ಸಿಡ್‌ಕಾಟ್ ಉಡುಪು ಹರಾಜಿಗೆ ಬಂದಾಗ ಎಲ್ಲರೂ ಅವನ ಜಾಣ್ಮೆ ಹೊಗಳುತ್ತಾರೆ. ಕಲ್ಯಾಣ ಕರ್ನಾಟಕದವರಿಗೆ ಅದನ್ನು ಅಷ್ಟು ಸಲೀಸಾಗಿ ಹೊಗಳಲು ಬಾಯಿ ಬರುವುದಿಲ್ಲ. ನಾನಂತೂ ಪುಕ್ಕಟೆ ಕೊಟ್ಟರೂ ಅದನ್ನು ಮನೆಗೆ ತರಲಾರೆ. (ಕೊಡುವವರೂ ಯಾರೂ ಇಲ್ಲ, ಆ ಮಾತು ಬೇರೆ.)

ನಲವತ್ತೆರಡು ಡಿಗ್ರಿಯಲ್ಲಿ ತೊಗಲು ಕಾಯುವುದು

ಸಿಂಧನೂರಿನಲ್ಲಿ ಚರ್ಮದ ಕೋಟು ಹಾಕುವ ದಿನ ವರ್ಷಕ್ಕೆ ಇಪ್ಪತ್ತು ಸಿಕ್ಕರೆ ಪುಣ್ಯ. ಎಳ್ಳಮಾಸಿಯ ಹಿಂದೆಮುಂದೆ, ನಸುಕಿನಲ್ಲಿ, ಅದೂ ಮೋಟಾರ್ ಸೈಕಲ್ ಮೇಲೆ. ಬುಲೆಟ್ ಹುಡುಗರು ಹಾಕುವುದು ಬಹುತೇಕ ರೆಕ್ಸಿನ್. ಎರಡು ಬೇಸಿಗೆ ಕಳೆದರೆ ಹಪ್ಪಳದ ಹಾಗೆ ಪದರ ಬಿಡುತ್ತದೆ. ನಿಜವಾದ ತೊಗಲು ಹಾಗೆ ಸಾಯುವುದಿಲ್ಲ. ಅದರ ಸಾವು ಬೇರೆ ಥರ.

ತೊಗಟೆಯ ಹದದ ಹಳೆ ತೊಗಲು ಕೆಟ್ಟರೆ ಕೆಂಪು ಪುಡಿಯಾಗಿ ಉದುರುತ್ತದೆ. ಒಮ್ಮೆ ಶುರುವಾದರೆ ಹಿಂದಕ್ಕೆ ತರಲಾಗದು. ಅದರ ಭಯಕ್ಕೆ ಹೊಸಬರು ಎಣ್ಣೆ ಸುರಿಯುತ್ತಾರೆ. ಮಿಣಿಗೂ ಬಾರುಕೋಲಿಗೂ ಎಣ್ಣೆ ತಿಕ್ಕಿದ ನೆನಪು ನಮ್ಮ ಕೈಗಳಲ್ಲಿದೆಯಲ್ಲ! ಆದರೆ ಮಿಣಿ ದಪ್ಪ ತೊಗಲು, ದಿನಾ ಎಳೆದಾಟಕ್ಕೆ ಬೀಳುವಂಥದ್ದು. ಕೋಟಿನ ತೊಗಲು ತೆಳು. ಎಣ್ಣೆ ಹೆಚ್ಚಾದರೆ ಬಣ್ಣ ಕಪ್ಪಿಟ್ಟು, ಹೊಲಿಗೆಯ ದಾರ ಕೊಳೆತು, ಒಂದು ದಿನ ತೋಳು ಕೈಗೆ ಬರುತ್ತದೆ. ಮೆತ್ತನೆ ಬ್ರಷ್ಷಿನಲ್ಲಿ ಎರೆಮಣ್ಣಿನ ಧೂಳು ಕೊಡವಿ, ಅಗಲ ಭುಜದ ಹ್ಯಾಂಗರಿಗೆ ತೂಗಿ, ಮೇಲೆ ಹಳೆ ಧೋತರ ಹೊದಿಸಿದರೆ ಮುಕ್ಕಾಲು ಕೆಲಸ ಮುಗಿಯಿತು. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವರುತ್ತದೆ. ತಗಡಿನ ಮಾಳಿಗೆಯ ಕೋಣೆಯಂತೂ ಬೇಡವೇ ಬೇಡ. ಮೇ ತಿಂಗಳಲ್ಲಿ ಅಲ್ಲಿಟ್ಟ ಕೋಟು ಜೂನಿಗೆ ಹಲಗಿಯಾಗಿರುತ್ತದೆ, ಬಡಿದರೆ ನಾದ ಬಂದೀತು. ಕಾಲರಿನ ಉಣ್ಣೆಗೆ ನುಸಿ ಬೀಳದ ಹಾಗೆ ಬಟ್ಟೆಯಲ್ಲಿ ಕಟ್ಟಿದ ಒಣ ಬೇವಿನ ಎಲೆ ಸಾಕು. ಜಿಪ್ ಹಿಡಿದರೆ ಮೇಣದಬತ್ತಿ ತಿಕ್ಕಿ.

ಆಡಿನ ತೊಗಲನ್ನು ತಲೆಮಾರುಗಟ್ಟಲೆ ಕಾಯುವುದು ಹೇಗೆಂದು ನೋಡಬೇಕಾದರೆ ಜಪಾನಿನ ಸಂಗ್ರಹಕಾರರ ತನಕ ಹೋಗಬೇಕಿಲ್ಲ. ಪಕ್ಕದ ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಗಲುಗೊಂಬೆಯವರ ಮನೆಗಳಲ್ಲಿ ಅಜ್ಜನ ಅಜ್ಜ ಕೊರೆದ ರಾಮ-ರಾವಣರು ಇಂದಿಗೂ ದೀಪದ ಮುಂದೆ ಬಣ್ಣ ಚೆಲ್ಲುತ್ತಾರೆ. ಅವರ ಮಟ್ಟಿಗೆ ತೊಗಲು ತೆಗೆದಿಟ್ಟ ವಸ್ತುವಲ್ಲ. ಆಗಾಗ ಹೊರಗೆ ತೆಗೆದು, ಗಾಳಿ ಕಾಣಿಸಿ, ಆಡಿಸಿ, ಮತ್ತೆ ಪೆಟ್ಟಿಗೆಗೆ ಸೇರಿಸುವುದು. ಕೋಟಿಗೂ ಅದೇ ಹಿತ. ಆ ಇಪ್ಪತ್ತು ದಿನ ಹಾಕಿ ಓಡಾಡಿ.

ಕೊಳ್ಳುವವರಿಗೆ ಒಂದು ಎಚ್ಚರ. ಅಸಲಿ ಎಂದು ಹೇಳಿ ಬರುವುದರಲ್ಲಿ ನಕಲೇ ಹೆಚ್ಚು. ಇಂಗ್ಲೆಂಡಿನ ಈಸ್ಟ್‌ಮನ್, ಜಪಾನಿನ ರಿಯಲ್ ಮೆಕಾಯ್ಸ್‌ನಂಥವರು ನಕಲೆಂದು ಹೇಳಿಯೇ ಹೊಲಿಯುತ್ತಾರೆ. ಅದು ಮರ್ಯಾದೆಯ ವ್ಯಾಪಾರ, ನನ್ನ ಹಾಗಿನವರಿಗೆ ಅದೇ ಸೈ. ಮೋಸ ಇರುವುದು ಹೊಸ ತೊಗಲನ್ನು ಕಲ್ಲಿಗೆ ಉಜ್ಜಿ ಮುದಿ ಮಾಡಿದ್ದರಲ್ಲಿ. ನಿಜವಾಗಿ ಸವೆದ ಕೋಟು ಸವೆಯುವ ಜಾಗದಲ್ಲೇ ಸವೆದಿರುತ್ತದೆ: ಮೊಣಕೈ, ಜೇಬಿನ ಬಾಯಿ, ಕಾಲರಿನ ಮಡಿಕೆ. ಎಲ್ಲ ಕಡೆ ಒಂದೇ ಸಮ ಸವೆದಿದ್ದರೆ ಕೈ ಮುಗಿದು ಬನ್ನಿ.

ಹೆಸರಿಲ್ಲದ ಹೊಲಿಗೆ

ಯುದ್ಧಕಾಲದ ಕೋಟುಗಳಲ್ಲಿ ಸಂಗ್ರಹಕಾರರು ಮುಗಿಬೀಳುವ ಒಂದು ಜಾತಿಯಿದೆ. ಚೀನಾ-ಬರ್ಮಾ-ಭಾರತ ರಣರಂಗಕ್ಕೆ ಬಂದ ಅಮೆರಿಕನ್ ಚಾಲಕರವು. ಅವುಗಳ ಭುಜದ ಮೇಲೆ, ಎದೆಯ ಮೇಲೆ, ಬಣ್ಣ ಬಣ್ಣದ ತೊಗಲಿನ ತುಂಡು ಕತ್ತರಿಸಿ ಕೂಡಿಸಿದ ಬಿಲ್ಲೆ: ಕೆಂಪು-ಬಿಳಿ ಪಟ್ಟೆ, ನೀಲಿಯ ಮೇಲೆ ಚೀನಾದ ಸೂರ್ಯ, ಭಾರತದ ನಕ್ಷತ್ರ. ಅಮೆರಿಕದಿಂದ ಬಂದ ಬಟ್ಟೆಯ ಬಿಲ್ಲೆಗಿಂತ ಇವಕ್ಕೆ ಬೆಲೆ ಜಾಸ್ತಿ. ಯಾಕೆಂದರೆ ಇವನ್ನು ರಣರಂಗದಲ್ಲೇ, ನಮ್ಮ ದೇಶದ ಪೇಟೆಗಳಲ್ಲಿ ಕೂತ ಕೈಗಳು ಹೊಲಿದವು.

ಕೋಟಿನ ಎದೆಯ ಪಟ್ಟಿಯಲ್ಲಿ ಚಾಲಕನ ಹೆಸರಿದೆ. ಕಾಲರಿನ ಕೆಳಗೆ ಕಂಪನಿಯ ಹೆಸರಿದೆ. ಜಿಪ್ಪಿನ ಮೇಲೂ ಹೆಸರಿದೆ. ತೊಗಲು ಸುಲಿದವನದು, ಸುಣ್ಣದ ಗುಂಡಿಯಲ್ಲಿ ತೊಳೆದವನದು, ಬಿಲ್ಲೆ ಹೊಲಿದವನದು ಮಾತ್ರ ಎಲ್ಲೂ ಇಲ್ಲ. ಈ ನಾಡಿನಲ್ಲಿ ಆ ಕೆಲಸ ಯಾರ ಪಾಲಿಗೆ ಬಂತು, ಅವರ ಮನೆ ಊರಿನ ಯಾವ ದಿಕ್ಕಿಗೆ ಇತ್ತು ಎಂಬುದನ್ನು ನಾನು ಹೇಳಬೇಕಿಲ್ಲ. ಹನ್ನೆರಡನೇ ಶತಮಾನದಲ್ಲಿ ಡೋಹರ ಕಕ್ಕಯ್ಯ, ಮಾದಾರ ಚೆನ್ನಯ್ಯ, ಸಮಗಾರ ಹರಳಯ್ಯ ಎಂದು ಕಸುಬನ್ನು ಹೆಸರಿನ ಮುಂದಿಟ್ಟೇ ಕರೆದದ್ದು, ಕಲ್ಯಾಣದಲ್ಲಿ. ಬಸವಣ್ಣನ ಒಂದು ಶರಣಾರ್ಥಿ ಹೆಚ್ಚಾಯಿತೆಂದು ಹರಳಯ್ಯ ದಂಪತಿ ತಮ್ಮ ತೊಡೆಯ ತೊಗಲಿನಿಂದ ಕೆರ ಮಾಡಿ ತಂದ ಕಥೆ ಇಲ್ಲಿನ ಮಕ್ಕಳಿಗೂ ಗೊತ್ತು. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಇಟ್ಟುಕೊಂಡ ಅನ್ನುತ್ತಾರೆ.

ಹೋದ ಚಳಿಗಾಲದಲ್ಲಿ ನನ್ನ ಕೋಟಿನ ಕಂಕುಳ ಹೊಲಿಗೆ ಬಿಟ್ಟಿತು. ದರ್ಜಿಗಳಿಬ್ಬರು ಸೂಜಿ ಮುರಿಯುತ್ತದೆ ಎಂದು ವಾಪಸು ಕೊಟ್ಟರು. ಕೊನೆಗೆ ಬಸ್ ನಿಲ್ದಾಣದ ಹತ್ತಿರ ಚಪ್ಪಲಿ ಹೊಲಿಯುವ ಅಣ್ಣನ ಮುಂದೆ ಹಿಡಿದೆ. ಅವರೂ ಮೊದಲು ಎರಡು ಬೆರಳಲ್ಲಿ ತಿಕ್ಕಿ ನೋಡಿದರು. ಹಳೆಯ ತೂತುಗಳಲ್ಲೇ ಉಳಿ ತೂರಿಸಿ, ಒಂದೂ ಹೊಸ ತೂತು ಬೀಳದ ಹಾಗೆ, ಮೇಣ ಹಚ್ಚಿದ ದಾರದಲ್ಲಿ ಕಾಲು ತಾಸಿನಲ್ಲಿ ಹೊಲಿದು ಕೊಟ್ಟರು. ಐವತ್ತು ರೂಪಾಯಿ ಅಂದರು. ನೂರು ಕೊಟ್ಟೆ. ಐವತ್ತು ವಾಪಸು ಕೊಟ್ಟರು.

“ನಿಮ್ಮ ಹೆಸರೊಂದು ಒಳಗ ಬರೀರಿ ಅಣ್ಣಾ” ಅಂದೆ, ಪೆನ್ನು ಚಾಚಿ.

“ಯಾಕ್ರೀ, ಮತ್ತ ಬಿಚ್ಚತದ ಅಂತ ಅನುಮಾನ ಏನು?” ಎಂದು ನಕ್ಕು, ಮುಂದಿನವರ ಚಪ್ಪಲಿ ಕೈಗೆತ್ತಿಕೊಂಡರು.